ಸರ್ವರಿನ ಹಿತ್ತಲ ಬಾಗಿಲು

‘ಸಂತೆಯ ದಿನ ಫೈರ್‌ವಾಲ್ ಆಫ್ ಮಾಡಿದ್ದು ಯಾರಿಗೂ ಗೊತ್ತಿಲ್ಲ. ನನಗೆ ಗೊತ್ತಿದೆಯಲ್ಲ!’ ದಿನಚರಿಯಲ್ಲಿ ಇಷ್ಟು ಬರೆದು ಅನ್ನಪೂರ್ಣಾ ತಟ್ಟನೆ ಪುಸ್ತಕ ಮುಚ್ಚಿದಳು.

2004ರ ಮುಂಗಾರು. ನೇಸರಗಿಯ ಬೀಜ ಸಂಘದಲ್ಲಿ ಸೋಯಾಬೀನ್ ಬೀಜದ ಚೀಟಿ ಕೊಡುವುದು ಅವಳ ಕೆಲಸ. ರೈತರ ಹೆಸರು, ಸರದಿಗಳೆಲ್ಲ ಒಳಕೋಣೆಯ ಸರ್ವರ್ ಕಂಪ್ಯೂಟರಿನಲ್ಲಿದ್ದವು. ಸಂತೆಯ ದಿನ ಮಂದಿ ಮುಗಿಬಿದ್ದಾಗ ಹೊರಕೋಣೆಯ ಕಂಪ್ಯೂಟರಿಗೆ ಆ ಪಟ್ಟಿ ಸಿಗಲಿಲ್ಲ. ಫೈರ್‌ವಾಲ್ ತಡೆಯುತ್ತಿತ್ತು. ಅವಳು ಅದನ್ನೇ ಪೂರ್ತಿ ಆಫ್ ಮಾಡಿದಳು. ಪಟ್ಟಿಯೇನೋ ಬಂತು, ಸಂಜೆ ಮತ್ತೆ ಆನ್ ಮಾಡಲು ಮರೆತುಹೋಯಿತು. ಮರುದಿನ ಇಂಟರ್ನೆಟ್ ಹಚ್ಚಿದ ಸ್ವಲ್ಪ ಹೊತ್ತಿಗೆ ಸರ್ವರ್ ತಾನೇ ನಿಲ್ಲುವುದು, ತಾನೇ ಚಾಲೂ ಆಗುವುದು ಶುರುವಾಯಿತು. ಮೂರು ದಿನ ಒಂದು ಚೀಟಿಯೂ ಹೊರಡಲಿಲ್ಲ.

ತಪ್ಪು ಬಿದ್ದದ್ದು ಜವಾನ ಮಡಿವಾಳೆಪ್ಪನ ಮೇಲೆ. ಸರ್ವರಿನಲ್ಲಿ ಅವನೊಮ್ಮೆ ಭಜನೆಯ ಸಿಡಿ ಹಾಕಿ ಕೇಳಿದ್ದ.

“ನಾಳಿಂದ ಬರಬ್ಯಾಡ ನೀ,” ಎಂದರು ಅಧ್ಯಕ್ಷ ನಿಜಗುಣಪ್ಪ.

“ಧಣ್ಯಾರ, ಶಿವನ ಪದಾ ಕೇಳಿದ್ರ ಮಷೀನ ಕೆಡತೈತೇನ್ರಿ?”

“ನೀ ಹಾಡಿದ್ರ ಎಮ್ಮೀನ ಹಾಲ ಬಿಡಂಗಿಲ್ಲ, ಮಷೀನ ಯಾವ ಲೆಕ್ಕ!”

ಎಲ್ಲರೂ ನಕ್ಕರು. ಅನ್ನಪೂರ್ಣಾ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಒಳಕೋಣೆಯಿಂದ ಭಾಗ್ಯಾ ಹೊರಬಂದಳು. ಬೈಲಹೊಂಗಲದಲ್ಲಿ ಕಂಪ್ಯೂಟರ್ ದುರಸ್ತಿ ಮಾಡುವವಳು.

“ಸಿಡಿ ಚೊಕ್ಕ ಐತ್ರಿ ಕಾಕಾ. ವೈರಸ್ ಇಂಟರ್ನೆಟ್‌ನಿಂದ ಬಂದೈತಿ. ಹೊರಗಿನವರನ್ನ ತಡಿಯೂ ಫೈರ್‌ವಾಲ್ ಆಫ್ ಇತ್ತು.”

“ಅದ್ಯಾಕ ಬೇಕವಾ? ಸಂಘದ ಬಾಗಲಾ ಎಲ್ಲಾರಿಗೂ ತೆರದಿರಬೇಕು.”

“ಸಂಜೀಕ ದೀಪಾ ಹಚ್ಚುವಾಗ ನಿಮ್ಮನ್ಯಾಗ ಏನ ಮಾಡತಾರ್ರಿ?”

“ಮುಂಬಾಗಲಾ ತಗದು ಹಿತ್ತಲ ಬಾಗಲಾ ಹಾಕತಾರ. ಇಲ್ಲಂದ್ರ ಬಂದ ಲಕ್ಷ್ಮಿ ಹಂಗ ದಾಟಿ ಹೋಗತಾಳಂತ ನಮ್ಮ ಮನಿಯಾಕಿ ಸಾವಿತ್ರೆವ್ವ ಬೈತಾಳ.”

“ಇದೂ ಹಂಗರಿ. ಸರ್ವರ್‌ಗೆ ಅರವತ್ತ ಸಾವಿರಕ್ಕೂ ಹೆಚ್ಚ ಬಾಗಲಾ. ಪೋರ್ಟ್ ಅಂತಾರ.”

“ಅಷ್ಟ ಬಾಗಲಾ ನಮ್ಮ ತಾಲೂಕಿನಾಗ ಇಲ್ಲಲ್ಲವಾ!”

“ಫೈರ್‌ವಾಲ್ ಅಂದ್ರ ಅವನ್ನ ಕಾಯೂ ವಾಲೀಕಾರ. ನಿಮ್ಮ ಪಟ್ಟಿ ಹೊಕ್ಕು ಹೊರಡೂದು 445ನೇ ಬಾಗಲದಾಗ. ಅದನ್ನ ಹೊರಕೋಣಿ ಕಂಪ್ಯೂಟರಿಗಷ್ಟ ತಗೀಬೇಕು, ಇಂಟರ್ನೆಟ್ ಕಡೀಗೆ ಹಾಕಬೇಕು. ಯಾರೋ ವಾಲೀಕಾರನ್ನ ಮನೀಗೆ ಕಳಿಸಿ ಎಲ್ಲಾ ಬಾಗಲಾ ತಗದಿಟ್ಟಾರ. ಈಗ ವೈರಸ್ ತಗದು, ಕಂಪನಿಯ ಹೊಸಾ ಅಪ್‌ಡೇಟ್ ಹಾಕೇನ್ರಿ.”

“ಹಂಗಾದ್ರ ಬೇಕಾದಷ್ಟ ತಗಿ, ಉಳಿದದ್ದ ಹಾಕವಾ. ನಾ ಇನ್ನ ಎರಡ ಮಾತಾಡಂಗಿಲ್ಲ,” ಎಂದ ನಿಜಗುಣಪ್ಪ ಜವಾನನತ್ತ ತಿರುಗಿದರು. “ಆಫ್ ಮಾಡಿದವನೂ ನೀನ ಏನಲೇ?”

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸಂಘದಲ್ಲೋ ಶಾಲೆಯಲ್ಲೋ ಸರ್ವರ್ ಇದ್ದರೆ ತಿಳಿದವರನ್ನು ಕರೆದು ಕೇಳಿರಿ: ಯಾವ ಪೋರ್ಟ್ ತೆರೆದಿದೆ, ಯಾವ ಕೆಲಸಕ್ಕೆ, ಯಾರಿಗೆ? ಬೇಕಾದ್ದನ್ನು ಬರೆದಿಡಿರಿ, ಉಳಿದದ್ದನ್ನು ಮುಚ್ಚಿಸಿರಿ. ಕೆಲಸಕ್ಕೆ ಅಡ್ಡಿಯಾಯಿತೆಂದು ಫೈರ್‌ವಾಲನ್ನೇ ಆಫ್ ಮಾಡಬೇಡಿರಿ. ಮಾಡಿದ್ದರೆ ಅಂದೇ ಹೇಳಿಬಿಡಿರಿ. ತಡವಾದಷ್ಟೂ ನಾಲಿಗೆ ಭಾರ.

ಮಡಿವಾಳೆಪ್ಪ ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟ. ಅನ್ನಪೂರ್ಣಾ ಎದ್ದು ನಿಂತಳು.

“ಆಫ್ ಮಾಡಿದಾಕಿ ನಾನರಿ, ಕಾಕಾ.”