ಅಡ್ಡ ಹಿಡಿದ ಬತ್ತಿ

ಕ್ಯಾಂಡಲ್‌ಮಸ್ ಹಬ್ಬದ ಸೋಮವಾರ, ಫೆಬ್ರವರಿ ಎರಡನೆಯ ತಾರೀಕು, ಬೆಳಗಿನ ಆರು ಗಂಟೆಯ ಹೊತ್ತು. ವಾಟರ್ಲೂ ಯುದ್ಧ ಮುಗಿದ ಮೂರನೆಯ ವರ್ಷ ಅದು. ವೇರ್ ನದಿಯ ಕಣಿವೆಯ ಮೇಲುಗಡೆ ಹಿಮ ಇನ್ನೂ ಮೊಣಕಾಲುದ್ದ ಬಿದ್ದಿತ್ತು. ರೇವನ್‌ಗಿಲ್ ಸೀಸದ ಗಣಿಯ ಮೇಲ್ವಿಚಾರಕ ನಿಕೊಲಸ್ ವೈಪಾಂಡ್ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಓಟ್ಸ್ ಗಂಜಿ ಕುಡಿಯುತ್ತಿದ್ದ. ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಮೇಣದಬತ್ತಿಯಂತೆ ಎರಕ ಹೊಯ್ದ ಕುರಿಕೊಬ್ಬಿನ ಬತ್ತಿ. ಬತ್ತಿಯನ್ನು ಅವನು ಎಲ್ಲರ ಹಾಗೆ ನೆಟ್ಟಗೆ ಹಿಡಿದಿರಲಿಲ್ಲ, ಅಡ್ಡಡ್ಡ ಮಲಗಿಸಿದ್ದ. ಕರಗಿದ ಕೊಬ್ಬು ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ನೀನು ಕಲ್ಲು ಕಡಿಯೋದು ಬಿಟ್ಟು ಮೇಲ್ವಿಚಾರಕ ಆಗಿ ಹನ್ನೊಂದು ವರ್ಷ ಆಯ್ತು," ಎಂದಳು ಅವನ ಹೆಂಡತಿ ಹನ್ನಾ, ಚಾಕುವಿನಿಂದ ಮೇಜಿನ ಮೇಲಿನ ಕೊಬ್ಬು ಹೆರೆಯುತ್ತ. "ನಿನ್ನ ಕೈ ಮಾತ್ರ ಇನ್ನೂ ಸುರಂಗದಿಂದ ಹೊರಗೆ ಬಂದಿಲ್ಲ ನೋಡು."

ನಿಕೊಲಸ್ ನಕ್ಕ. ಆ ಕೈಯ ಮೇಲೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಬೆಟ್ಟದ ಹೊಟ್ಟೆಯೊಳಗೆ ದೂರ ಹೋದಂತೆ ಗಾಳಿ ಸಾಯುತ್ತದೆ. ಅಂಥ ಕಡೆ ಬತ್ತಿ ನೆಟ್ಟಗೆ ಹಿಡಿದರೆ ಆರಿಹೋಗುತ್ತದೆ. ಅಡ್ಡ ಹಿಡಿದರೆ ಕರಗಿದ ಕೊಬ್ಬು ನೂಲಿಗೆ ಹರಿದು, ಜ್ವಾಲೆ ಹೇಗೋ ಜೀವ ಹಿಡಿದುಕೊಂಡಿರುತ್ತದೆ. ಹದಿನೇಳನೆಯ ವಯಸ್ಸಿನಲ್ಲೇ ಈ ವಿದ್ಯೆಯಲ್ಲಿ ನಿಕೊಲಸ್‌ನನ್ನು ಮೀರಿಸುವವರು ಕಣಿವೆಯಲ್ಲಿರಲಿಲ್ಲ. ಬೇರೆಯವರು ಕೈಚೆಲ್ಲಿ ಬಂದ ಜಾಗದಲ್ಲಿ ಅವನು ಬತ್ತಿಯನ್ನು ಹಲಗೆಯ ಹಾಗೆ ಮಲಗಿಸಿ ಕಡಿಯುತ್ತಿದ್ದ. 'ಅಡ್ಡಬತ್ತಿ ನಿಕ್' ಅಂತಲೇ ಹೆಸರು ಬಿದ್ದಿತ್ತು. ತನ್ನ ಜೊತೆಯವರಿಗೆಲ್ಲ ಅದನ್ನು ಕಲಿಸಿದವನೂ ಅವನೇ.

ಬಾಗಿಲು ಬಡಿದ ಸದ್ದಾಯಿತು. ಅದಕ್ಕೂ ಮುಂಚೆ ಹೊರಗೆ ಕೆಮ್ಮು ಕೇಳಿಸಿತ್ತು. ಕೆಮ್ಮು ಜೇಕಬ್ ನಾಟ್ರಸ್‌ನದು. ನಿಕೊಲಸ್ ಮತ್ತು ಅವನು ಒಂದೇ ವಾರ ಗಣಿಗೆ ಇಳಿದವರು, ಒಂದೇ ಪ್ರಾಯದವರು. ನಲವತ್ತನಾಲ್ಕಕ್ಕೇ ಜೇಕಬ್‌ನ ಭುಜ ಉಸಿರು ಎಳೆದೆಳೆದು ಕಿವಿಗೆ ಏರಿತ್ತು. ಅವನ ಹಿಂದೆ ಜೊತೆಗಾರ ಐಸಾಕ್ ಟೀಸ್‌ಡೇಲ್ ನಿಂತಿದ್ದ. ಐಸಾಕ್‌ಗೆ ಮೂವತ್ತು, ಬಾಯಿ ಮಾತ್ರ ಮೂವರದು.

"ಹೊಸ ಸುರಂಗದ ತುದೀಲಿ ಗಾಳಿ ಸತ್ತು ಹೋಗಿದೆ ನಿಕ್," ಎಂದ ಜೇಕಬ್. "ಬತ್ತಿ ನಿಲ್ತಾ ಇಲ್ಲ."

"ನಿಲ್ಲದಿದ್ರೆ ಮಲಗಿಸು."

"ಮಲಗಿಸಿ ಮಲಗಿಸಿ ಈಗ ತಲೆಕೆಳಗೆ ಮಾಡೋದೊಂದು ಬಾಕಿ," ಎಂದ ಐಸಾಕ್. "ಅದನ್ನೂ ಒಂದ್ಸಲ ಬಂದು ಕಲಿಸಿಕೊಡಿ ಯಜಮಾನ್ರೇ."

ಜೇಕಬ್ ಉಸಿರು ಎಳೆದುಕೊಂಡು ಮಾತು ಮುಂದುವರಿಸಿದ. "ಗುಡ್ಡದಾಚೆ ಗಣೀಲಿ ನೀರಿನ ಕೊಳವೆ ಹಾಕಿದಾರಂತೆ. ಹಳೇ ಬಾವಿಯೊಳಗೆ ಮೇಲಿಂದ ನೀರು ಬೀಳ್ತದೆ, ಬೀಳ್ವಾಗ ಗಾಳೀನ ಜೊತೆಗೆ ಎಳ್ಕೊಂಡು ಬರ್ತದೆ. ಕೆಳಗೆ ಮುಚ್ಚಿದ ಪೆಟ್ಟಿಗೆ. ನೀರು ಒಂದು ಕಡೆ ಹೋಗ್ತದೆ, ಗಾಳಿ ಕೊಳವೆ ಹಿಡಿದು ಸುರಂಗದ ತುದಿಗೆ ಬರ್ತದೆ. ನಮಗೂ ಒಂದು ಮಾಡಿಸು."

"ಇನ್ನೂ ಅದಿರಿನ ಎಳೇನೇ ಸಿಕ್ಕಿಲ್ಲ. ಬರೀ ಬಂಡೆಗೆ ಗಾಳಿ ಹಾಕ್ತೀನಿ ಅಂತ ಪ್ರಿಂಗಲ್ ದೊರೆಗೆ ಹೇಗೆ ಬರೀಲಿ? ನನ್ನನ್ನೇ ಮನೆಗೆ ಕಳಿಸ್ತಾರೆ." ನಿಕೊಲಸ್‌ನ ದನಿ ಒರಟಾಗಿರಲಿಲ್ಲ, ಅವನು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. "ನಾವು ಇದಕ್ಕಿಂತ ಕೆಟ್ಟ ಜಾಗದಲ್ಲಿ ಕಡಿದಿಲ್ವೇನೋ ಜೇಕ್? ಮರೆತುಬಿಟ್ಯಾ?"

"ಮರೆತಿಲ್ಲ," ಎಂದ ಜೇಕಬ್. ಇನ್ನೇನೋ ಹೇಳಲು ಬಾಯಿ ತೆರೆದ. ಕೆಮ್ಮು ಬಂತು. ಹೊರಟುಹೋದ.

ಗಣಿಯ ನಿಯಮ ಸರಳವಾಗಿತ್ತು: ದೀಪ ಉರಿಯುವಲ್ಲಿ ಮನುಷ್ಯ ದುಡಿಯಬಹುದು. ಪ್ರತಿ ಶನಿವಾರ ನಿಕೊಲಸ್ ತಪಾಸಣೆಯ ಪುಸ್ತಕದಲ್ಲಿ, ಒಂದೊಂದು ಸುರಂಗದ ಹೆಸರಿನ ಮುಂದೆ, 'ದೀಪ ಉರಿಯುತ್ತದೆ' ಎಂದು ಬರೆಯುತ್ತಿದ್ದ. ಹನ್ನೊಂದು ವರ್ಷದಿಂದ ಅದೇ ಎರಡು ಮಾತು.

ಮುಂದಿನ ಭಾನುವಾರ ಪ್ರಾರ್ಥನಾ ಮಂದಿರದಲ್ಲಿ ಎಲ್ಲರೂ ಎದ್ದು ನಿಂತು ಹಾಡಿದರು. ಕಣಿವೆಯಲ್ಲಿ ಜೇಕಬ್‌ನಂಥ ಗಂಭೀರ ಕಂಠ ಇನ್ನೊಂದಿರಲಿಲ್ಲ. ಅವನು ದನಿ ತೆಗೆದರೆ ಕಿಟಕಿಯ ಗಾಜು ಗುಂಯ್ ಎನ್ನುತ್ತಿತ್ತು. ಆ ದಿನ ಅವನು ಒಂದು ಸಾಲು ಹಾಡಿ ಒಂದು ಸಾಲು ಬಿಟ್ಟ. ಆಮೇಲೆ ಎರಡು ಸಾಲು ಬಿಟ್ಟ. ಕೊನೆಗೆ ಮುಂದಿನ ಬೆಂಚನ್ನು ಹಿಡಿದು, ಬಾಯಿ ಮಾತ್ರ ಆಡಿಸುತ್ತ ನಿಂತ.

ನಿಕೊಲಸ್ ಹಾಡು ನಿಲ್ಲಿಸಿ ಜೇಕಬ್ ನಿಂತಿದ್ದ ಬೆಂಚನ್ನು ನೋಡಿದ. ಅವನ ಜೊತೆ ಗಣಿಗೆ ಇಳಿದವರು ಏಳು ಜನ ಆ ಬೆಂಚಿನಲ್ಲಿ ಕೂರುತ್ತಿದ್ದರು. ಈಗ ಜೇಕಬ್ ಒಬ್ಬ. ಉಳಿದ ಆರು ಜನ ಮಂದಿರದ ಹಿಂದಿನ ಇಳಿಜಾರಿನಲ್ಲಿ ಮಲಗಿದ್ದರು. ಒಬ್ಬನೂ ಐವತ್ತು ಕಂಡಿರಲಿಲ್ಲ. ಎಂಟನೆಯವನು ತಾನು. ತನ್ನ ಎದೆ ಮಾತ್ರ ಕಮ್ಮಾರನ ತಿದಿಯ ಹಾಗೆ ಗಟ್ಟಿಯಾಗಿದೆ. ಯಾಕೆ?

ಹೊರಗೆ ಜೇಕಬ್‌ನ ಹೆಂಡತಿ ಟೇಮರ್ ಗೋಡೆಯ ಬಳಿ ನಿಂತಿದ್ದಳು. ಗಂಡನಿಗೆ ಉಸಿರು ತಿರುಗಲೆಂದು ಕಾಯುತ್ತಿದ್ದಳು.

"ಟೇಮರ್, ಅವನಿಗೆ ಎದೆಗೆ ಏನಾದ್ರೂ ಪಟ್ಟು ಹಾಕ್ತಿದೀಯಾ?"

"ಹಾಕ್ತಿದೀನಿ. ಹೆಬ್ಬಾತಿನ ಕೊಬ್ಬು ಮೇಲಿಂದ, ಕಲ್ಲಿನ ಪುಡಿ ಒಳಗಿಂದ. ಯಾವುದು ಗೆಲ್ತದೋ ನೋಡೋಣ." ಅವಳು ದನಿ ಏರಿಸಲಿಲ್ಲ. "ನೀನು ನಲವತ್ತನಾಲ್ಕು, ಅವನೂ ನಲವತ್ತನಾಲ್ಕು. ನೀನು ಹನ್ನೊಂದು ವರ್ಷದ ಹಿಂದೆ ಹೊರಗೆ ಬಂದೆ ನಿಕ್. ಅವನು ಬರಲಿಲ್ಲ. ನಿಮ್ಮಿಬ್ಬರ ನಡುವೆ ಇರೋದು ಅಷ್ಟೇ."

ನಿಕೊಲಸ್ ಟೋಪಿ ತಿರುಗಿಸುತ್ತ ನಿಂತ.

"ಪುಸ್ತಕದಲ್ಲಿ ದೀಪ ಉರೀತದೆ ಅಂತ ಬರೀತೀಯಂತೆ. ಹೇಗೆ ಉರೀತದೆ ಅಂತ ಬರೀತೀಯಾ?"

ಅವನು ಮನೆಗೆ ನಡೆದ. ಊಟಕ್ಕೆ ಕುಳಿತಾಗ ಹನ್ನಾ ಬಡಿಸಿದ ಹಂದಿಮಾಂಸ ತಟ್ಟೆಯಲ್ಲೇ ಆರಿತು.

ಸೋಮವಾರ ಬೆಳಿಗ್ಗೆ ನಿಕೊಲಸ್ ಹಳೆಯ ದಪ್ಪಬಟ್ಟೆ ತೊಟ್ಟು ಹೊಸ ಸುರಂಗಕ್ಕೆ ಹೋದ. ತುದಿಯಲ್ಲಿ ಜೇಕಬ್, ಐಸಾಕ್ ಮತ್ತು ಇಬ್ಬರು ಕಡಿಯುತ್ತಿದ್ದರು. ನಾಲ್ಕೂ ಬತ್ತಿಗಳು ಗೋಡೆಗೆ ಮೆತ್ತಿದ ಜೇಡಿಮಣ್ಣಿನಲ್ಲಿ ಅಡ್ಡ ಮಲಗಿದ್ದವು. ಅವನು ತನ್ನ ಬತ್ತಿಯನ್ನು ಮಣ್ಣಿನ ಉಂಡೆಗೆ ಸಿಕ್ಕಿಸಿ ನೆಟ್ಟಗೆ ನಿಲ್ಲಿಸಿದ. ಕೈ ತಾನಾಗಿ ವಾಲಿಸಲು ಹೋಯಿತು. ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡ. ಜ್ವಾಲೆ ಕುಗ್ಗಿತು, ನೀಲಿಯಾಯಿತು, ಆರಿತು.

ಐಸಾಕ್‌ನ ಬತ್ತಿಯಿಂದ ಮತ್ತೆ ಹಚ್ಚಿಕೊಂಡು ಹತ್ತು ಹೆಜ್ಜೆ ಹಿಂದೆ ಬಂದ. ಆರಿತು. ಮತ್ತೆ ಹತ್ತು. ಹಾಗೆ ನಿಂತು ನಡೆದು, ನೂರಿಪ್ಪತ್ತನೆಯ ಹೆಜ್ಜೆಯಲ್ಲಿ ದೀಪ ತನ್ನ ಕಾಲ ಮೇಲೆ ತಾನು ನಿಂತಿತು. ಅಲ್ಲಿ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ತುದಿಗೆ ವಾಪಸು ಹೋದ.

"ಎಲ್ಲರೂ ನಡೀರಿ ಹೊರಗೆ," ಎಂದ. "ನಾನು ಗೋಡೆಗೆ ಎಳೆದ ಗೆರೆ ದಾಟಿ ಇನ್ನು ಯಾರೂ ಒಳಗೆ ಕಾಲಿಡಕೂಡದು, ಗಾಳಿ ಬರೋ ತನಕ. ಇವತ್ತಿಂದ ಬತ್ತಿ ಅಡ್ಡ ಹಿಡಿಯೋ ಹಾಗಿಲ್ಲ. ನೆಟ್ಟಗೆ ನಿಂತ್ರೆ ಮಾತ್ರ ದೀಪ."

ಅವರು ಸಂತೋಷಪಡುತ್ತಾರೆ ಎಂದುಕೊಂಡಿದ್ದ. ಐಸಾಕ್ ಗುದ್ದಲಿಯನ್ನು ನೆಲಕ್ಕೆ ಊರಿದ. "ಮೂರು ತಿಂಗಳು ಈ ಬಂಡೆ ಕೊರೆದಿದೀವಿ. ಎಳೆ ಇನ್ನೇನು ಕೈಗೆ ಸಿಗ್ತದೆ ಅನ್ನೋವಾಗ ಹೊರಗೆ ಅಂತೀರಾ? ಬತ್ತಿ ಮಲಗಿಸೋದು ಗಂಡಸಿನ ಲಕ್ಷಣ ಅಂತ ನಮ್ಮಪ್ಪನಿಗೆ ಹೇಳಿಕೊಟ್ಟಿದ್ದು ಯಾರು?"

"ನಾನೇ," ಎಂದ ನಿಕೊಲಸ್. "ನಿಮ್ಮಪ್ಪ ಎಲ್ಲಿದಾನೆ ಐಸಾಕ್?"

ಐಸಾಕ್‌ನ ಅಪ್ಪನೂ ಮಂದಿರದ ಹಿಂದಿನ ಇಳಿಜಾರಿನಲ್ಲೇ ಮಲಗಿದ್ದ. ಐಸಾಕ್ ಊರಿದ್ದ ಗುದ್ದಲಿಯನ್ನು ಎತ್ತಿಕೊಂಡ. ಜೇಕಬ್ ತನ್ನ ಬತ್ತಿಯನ್ನು ಕಿತ್ತುಕೊಂಡು, ಬಾಗಿದ ಬೆನ್ನಿನಲ್ಲೇ ಮೊದಲು ಗೆರೆ ದಾಟಿ ಬಂದ. ಉಳಿದವರು ಹಿಂಬಾಲಿಸಿದರು. ಅವರನ್ನು ನಿಕೊಲಸ್ ಹಳೆಯ ಸುರಂಗದ ಕೆಲಸಕ್ಕೆ ಹಾಕಿದ. ಶನಿವಾರ ಪುಸ್ತಕದಲ್ಲಿ ಬರೆದ: 'ಹೊಸ ಸುರಂಗದಲ್ಲಿ ದೀಪ ಉರಿಯುವುದಿಲ್ಲ. ಎಂದೂ ಉರಿದಿರಲಿಲ್ಲ.'

ಆ ಸಾಲು ಓದಿ ಪ್ರಿಂಗಲ್ ದೊರೆ ಮಾರ್ಚ್‌ನಲ್ಲಿ ಕುದುರೆಯ ಮೇಲೆ ಬಂದರು. ಗಣಿಯ ಒಡೆಯರ ಪರವಾಗಿ ಏಳೆಂಟು ಗಣಿಗಳನ್ನು ನೋಡಿಕೊಳ್ಳುವವರು. ಕೆಟ್ಟವರಲ್ಲ, ಅವಸರದ ಮನುಷ್ಯ. ಕೋಟಿನ ಮೇಲಿನ ಹಿಮ ಕೊಡವುತ್ತಲೇ ಕೇಳಿದರು: "ವೈಪಾಂಡ್, ನಿಮ್ಮ ಆಳುಗಳೇ ಕೆಲಸ ಬಿಡ್ತೀವಿ ಅಂದಿಲ್ಲ. ನೀವು ಬಿಡಿಸಿದ್ರಂತೆ. ತಲೆ ನೆಟ್ಟಗಿದೆಯಾ?"

"ಒಳಗೆ ಬಂದು ನೋಡಿ ದೊರೆ. ನನ್ನ ಮಾತು ಬೇಡ."

ಗೆರೆಯಾಚೆ ಎಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಪ್ರಿಂಗಲ್ ಅವರ ಬತ್ತಿ ಎರಡು ಸಲ ಆರಿತು. "ಅಡ್ಡ ಹಿಡೀಬೇಕಂತಲ್ಲ?" ಎಂದರು ಅವರು.

"ನಿಮ್ಮ ಮನೇಲಿ ಹೇಗೆ ಹಿಡೀತೀರೋ ಹಾಗೆ ಹಿಡೀರಿ ದೊರೆ."

ಮೂರನೆಯ ಸಲ ಇಬ್ಬರದೂ ಆರಿತು. ನಿಕೊಲಸ್ ತಕ್ಷಣ ಹಚ್ಚಲಿಲ್ಲ. ಕತ್ತಲಲ್ಲಿ ಪ್ರಿಂಗಲ್ ಅವರ ಉಸಿರು ಏದುಸಿರಾಗುವುದು ಕೇಳಿಸಿತು.

"ತಲೆ ಸಿಡೀತಿದೆ," ಎಂದರು ಅವರು.

"ಅವರು ಇಲ್ಲಿ ದಿನಕ್ಕೆ ಆರು ಗಂಟೆ ಸುತ್ತಿಗೆ ಹೊಡೀತಿದ್ರು. ದೀಪ ನಮಗೆ 'ಇಲ್ಲಿ ಬೇಡ' ಅಂತ ಹೇಳ್ತಿತ್ತು ದೊರೆ. ನಾನು ಅದರ ಕತ್ತು ತಿರುಚಿ ಸುಮ್ಮನಿರಿಸೋದು ಕಲಿಸಿದೆ."

ಗೋಡೆ ತಡವುತ್ತ ಹೊರಗೆ ಬಂದ ಮೇಲೆ ಪ್ರಿಂಗಲ್ ಹಿಮದ ಮೇಲೆ ಕುಳಿತು ಬಹಳ ಹೊತ್ತು ಸುಧಾರಿಸಿಕೊಂಡರು. "ಮರ ಕೊಡಿಸ್ತೀನಿ," ಎಂದರು ಕೊನೆಗೆ. "ಜನ ಕೊಡಲಾರೆ. ಸೆಪ್ಟೆಂಬರ್ ಕೊನೆಯ ಮೈಕೆಲ್ಮಸ್ ಹಬ್ಬದೊಳಗೆ ಆ ತುದೀಲಿ ಬತ್ತಿ ನೆಟ್ಟಗೆ ನಿಂತಿರಬೇಕು. ಇಲ್ಲದಿದ್ರೆ ನಿಮ್ಮ ಜಾಗಕ್ಕೆ ಬತ್ತಿ ಅಡ್ಡ ಹಿಡಿಯೋನನ್ನ ತರ್ತೀನಿ. ಒಡೆಯರಿಗೆ ನಾನೂ ಉತ್ತರ ಹೇಳಬೇಕಲ್ಲ."

"ಅವನು ಬಂದ್ರೆ ಇವರೆಲ್ಲ ಗೆರೆಯಾಚೆ ಹೋಗ್ತಾರೆ," ಎಂದ ನಿಕೊಲಸ್. "ಅದಕ್ಕೇ ಬತ್ತಿ ನೆಟ್ಟಗೆ ನಿಲ್ಲಿಸ್ತೀನಿ."

ಜನ ಕೊಡುವವರು ಬೇಕಾಗಲಿಲ್ಲ. ಹಿಮ ಕರಗಿದ್ದೇ ತಡ, ಹಗಲು ಉದ್ದವಾಗಿ, ಗಣಿಯಿಂದ ಹೊರಬಂದವರು ನೇರ ಬೆಟ್ಟದ ಮೇಲಕ್ಕೆ ನಡೆದರು. ಟೇಮರ್ ಮತ್ತು ಹೆಂಗಸರು ಹುಲ್ಲುಹೆಂಟೆ ಕತ್ತರಿಸಿ, ಗಣಿಯ ಹಳೆಯ ಬಾವಿಗೆ ಬೀಳಿಸುವ ನೀರಿಗೆಂದು ಕೊಳಕ್ಕೆ ಒಡ್ಡು ಕಟ್ಟಿದರು. ಗಂಡಸರು ಮರದ ದಿಮ್ಮಿಗಳ ತಿರುಳಿನಲ್ಲಿ ಉದ್ದ ಬೈರಿಗೆಯಿಂದ ತೂತು ಕೊರೆದು ಕೊಳವೆ ಮಾಡಿದರು. ಜೇಕಬ್‌ಗೆ ಎತ್ತುವ ಶಕ್ತಿ ಇರಲಿಲ್ಲ. ಅವನು ಕಲ್ಲಿನ ಮೇಲೆ ಕುಳಿತು ಕೊಳವೆಯ ತೂತಿನಲ್ಲಿ ಕಣ್ಣಿಟ್ಟು ಎಲ್ಲಿ ಸೊಟ್ಟ ಎಂದು ಹೇಳುತ್ತಿದ್ದ. "ಎಡಕ್ಕೆ ಹೋಗಿದೆ ಐಸಾಕ್, ನಿನ್ನ ಮಾತಿನ ಹಾಗೆ." ಐಸಾಕ್ ತಿರುಗೇಟು ಕೊಡುತ್ತಿದ್ದ: "ನೀನು ಕೂತು ಗೊಣಗು ಮುದುಕ, ನಾನು ನಿಂತು ಬೆವರ್ತೀನಿ. ಎಂಥ ಜೋಡಿ!"

ಆಗಸ್ಟ್ ಹತ್ತನೆಯ ತಾರೀಕು ಮೊದಲ ಸಲ ನೀರು ಬಿಟ್ಟರು. ಬಾವಿ ಗುಡುಗಿತು. ತುದಿಯಲ್ಲಿ ಬತ್ತಿ ಹಿಡಿದು ನಿಂತಿದ್ದ ನಿಕೊಲಸ್ ಕಾದ. ಜ್ವಾಲೆ ನೀಲಿಯಾಗಿ ಸತ್ತಿತು. ಕೊಳವೆಯ ಬಾಯಿಗೆ ಕೈಯಿಟ್ಟರೆ ಮಗುವಿನ ಉಸಿರಿನಷ್ಟೂ ಗಾಳಿಯಿಲ್ಲ. ಅವನು ಹೊರಗೆ ಬಂದು ಆರಿದ ಬತ್ತಿ ತೋರಿಸಿದಾಗ ಎಲ್ಲರೂ ಕೂತುಬಿಟ್ಟರು.

ಜೇಕಬ್ ಮಾತ್ರ ಕೊಳವೆಯ ಪಕ್ಕದಲ್ಲೇ ಕಿವಿಯಿಟ್ಟು ನಡೆದ. ಒಂದೊಂದು ಕೀಲಿನಲ್ಲೂ ನಿಂತ. "ಸಿಳ್ಳೆ ಹಾಕ್ತಿದೆ," ಎಂದ. "ಇಲ್ಲೂ. ಇಲ್ಲೂ. ನನ್ನ ಎದೆ ಹಾಕೋ ಸಿಳ್ಳೇನೇ. ಸೋರ್ತಿದೆ ನಿಕ್, ಅಷ್ಟೇ. ಜೇಡಿಮಣ್ಣು ತನ್ನಿ."

ಜೇಡಿಮಣ್ಣಿಗೆ ಎಲ್ಲಿಗೂ ಹೋಗಬೇಕಿರಲಿಲ್ಲ. ಬತ್ತಿ ಮೆತ್ತಲೆಂದು ಪ್ರತಿಯೊಬ್ಬನ ಜೇಬಿನಲ್ಲೂ ಒಂದು ಉಂಡೆ ಇತ್ತು. ತಲೆತಲಾಂತರದಿಂದ ದೀಪ ಮಲಗಿಸಿದ ಮಣ್ಣು ಅದು. ಎಲ್ಲರೂ ತೆಗೆದು ಕೊಟ್ಟರು. ಸಾಲದಾದಾಗ ಹೆಂಗಸರು ಹಳ್ಳದಿಂದ ಬುಟ್ಟಿ ಬುಟ್ಟಿ ತಂದರು. ಹನ್ನಾ ಕೂಡ ಮೊಣಕೈವರೆಗೆ ಮೆತ್ತಿಕೊಂಡಳು. ಹದಿನಾಲ್ಕು ದಿನ, ಒಂದೊಂದೇ ಕೀಲು, ಸೆಣಬು ಸುತ್ತಿ ಮಣ್ಣು ಮೆತ್ತಿದರು.

ಆಗಸ್ಟ್ ಇಪ್ಪತ್ತನಾಲ್ಕು, ಸೋಮವಾರ. ಮತ್ತೆ ನೀರು ಬಿಟ್ಟರು. ತುದಿಯಲ್ಲಿ ನಿಕೊಲಸ್, ಜೇಕಬ್, ಐಸಾಕ್. ನಿಕೊಲಸ್ ತನ್ನ ಬತ್ತಿಯನ್ನು ಜೇಕಬ್‌ನ ಕೈಗೆ ಕೊಟ್ಟ. "ನೀನು ಹಿಡಿ."

ಜೇಕಬ್ ನೆಟ್ಟಗೆ ಹಿಡಿದ. ಜ್ವಾಲೆ ಕುಗ್ಗಿತು. ನೀಲಿಯಾಯಿತು. ಆಗ ಕೊಳವೆಯೊಳಗೆ ಎಲ್ಲೋ ದೂರ ಗೂಳಿ ಗುಟುರು ಹಾಕಿದ ಹಾಗೆ ಸದ್ದಾಯಿತು. ಬೆಟ್ಟದ ಮೇಲಿನ ಹೂಬಿಟ್ಟ ಹೆದರ್ ಗಿಡದ ವಾಸನೆ, ಒದ್ದೆ ಹುಲ್ಲಿನ ವಾಸನೆ, ಕಲ್ಲು ಹುಟ್ಟಿದಾಗಿನಿಂದ ಅಲ್ಲಿಗೆ ಬಾರದ ವಾಸನೆ ಮುಖಕ್ಕೆ ಬಡಿಯಿತು. ಜ್ವಾಲೆ ಹಳದಿಯಾಯಿತು, ಉದ್ದವಾಯಿತು, ಈಟಿಯ ಹಾಗೆ ನೆಟ್ಟಗೆ ನಿಂತಿತು.

ಮರುಕ್ಷಣ ಗಾಳಿ ಜೋರಾಗಿ ಅದು ಫಕ್ಕನೆ ಆರಿಹೋಯಿತು.

ಕತ್ತಲಲ್ಲಿ ಐಸಾಕ್‌ನ ದನಿ: "ಅಯ್ಯೋ ದೇವರೇ, ಈಗ ಗಾಳಿ ಜಾಸ್ತಿ ಆಯ್ತು ಅಂತ ಅರ್ಜಿ ಕೊಡಬೇಕಾ ಯಜಮಾನ್ರೇ?"

ಮೂವರೂ ನಕ್ಕರು. ಆ ತುದಿಯಲ್ಲಿ ಮನುಷ್ಯರು ಹೊಟ್ಟೆ ತುಂಬ ನಕ್ಕದ್ದು ಅದೇ ಮೊದಲು. ನಗಲು ಬೇಕಾದಷ್ಟು ಉಸಿರು ಅಲ್ಲಿ ಈವರೆಗೆ ಇರಲಿಲ್ಲ. ನಿಕೊಲಸ್ ಮತ್ತೆ ಹಚ್ಚಿದ. ಜೇಕಬ್ ಜ್ವಾಲೆಗೆ ಅಂಗೈ ಮರೆ ಹಿಡಿದ. ಗೂಡಿನ ಮರಿಗೆ ಹಿಡಿದಂತೆ ಹಿಡಿದು, ನೂರಿಪ್ಪತ್ತು ಹೆಜ್ಜೆಯೂ ಆರಗೊಡದೆ ಗೆರೆಯವರೆಗೆ ತಂದ. ಅಲ್ಲಿ ಕಾದಿದ್ದ ನಲವತ್ತು ಜನ ನೆಟ್ಟಗಿನ ದೀಪ ಕಂಡು ಟೋಪಿ ತೆಗೆದು ಕೂಗಿದ ಕೂಗು ಸುರಂಗದ ಬಾಯಲ್ಲಿದ್ದ ಹೆಂಗಸರಿಗೂ ಕೇಳಿಸಿತು. ಐಸಾಕ್ ತೋಳಿನಿಂದ ಸೀಮೆಸುಣ್ಣದ ಗೆರೆ ಒರೆಸಿಹಾಕಿದ.

ಆ ಶನಿವಾರ ನಿಕೊಲಸ್ ಬರೆದ: 'ದೀಪ ನೆಟ್ಟಗೆ ಉರಿಯುತ್ತದೆ.' ಆಮೇಲೆ ಅವನ ಪುಸ್ತಕದಲ್ಲಿ ಆ ಮೂರು ಮಾತು ಇಲ್ಲದ ಸುರಂಗಕ್ಕೆ ಯಾರೂ ಕಾಲಿಡಲಿಲ್ಲ. ಸೆಪ್ಟೆಂಬರ್ ನಡುವೆ ಪ್ರಿಂಗಲ್ ಬಂದು, ತುದಿಯವರೆಗೂ ನಡೆದು, ಟೋಪಿ ಹಾರದಂತೆ ಹಿಡಿದುಕೊಂಡು ಹೊರಗೆ ಬಂದರು. "ಇನ್ನು ಅದಿರು ಹುಡುಕಿ," ಎಂದಷ್ಟೇ ಹೇಳಿ ಕುದುರೆ ಏರಿದರು. ಬೆಟ್ಟದ ಮೇಲಿನ ಕೊಳಕ್ಕೆ ಒಬ್ಬ ಕಾವಲುಗಾರ ಬೇಕಾಗಿತ್ತು, ತೂಬು ಏರಿಸಿ ಇಳಿಸಲು. ನಿಕೊಲಸ್ ಆ ಕೆಲಸಕ್ಕೆ ಜೇಕಬ್‌ನದಲ್ಲದೆ ಬೇರೆ ಯಾರ ಹೆಸರನ್ನೂ ಹೇಳಲಿಲ್ಲ. ಹನ್ನಾಳ ಮೇಜಿನ ಮೇಲೆ ಈಗಲೂ ಆಗೊಮ್ಮೆ ಈಗೊಮ್ಮೆ ಕೊಬ್ಬು ಬೀಳುತ್ತಿತ್ತು. ಅವಳು ಅವನ ಮಣಿಕಟ್ಟನ್ನು ಹಿಡಿದು ನೆಟ್ಟಗೆ ಮಾಡುತ್ತಿದ್ದಳು.

ನಾಟ್ರಸ್ ಮನೆತನದಲ್ಲಿ ಜೇಕಬ್‌ನ ಅಜ್ಜ, ಅಪ್ಪ, ಇಬ್ಬರು ಅಣ್ಣಂದಿರು ಗಣಿ ಬಿಟ್ಟದ್ದು ಇನ್ನೊಬ್ಬರ ಹೆಗಲ ಮೇಲೆ. ಜೇಕಬ್ ಸುತ್ತಿಗೆಯನ್ನು ಐಸಾಕ್‌ಗೆ ಕೊಟ್ಟು, ಟೇಮರ್ ಹೊರಗೆ ಕಾದಿದ್ದ ಬೆಳಕಿಗೆ ತನ್ನ ಕಾಲಿನಲ್ಲೇ ನಡೆದು ಬಂದ. ಮೈಕೆಲ್ಮಸ್‌ಗೆ ಮೂರು ದಿನ ಮುಂಚೆ, ಸೆಪ್ಟೆಂಬರ್ ಇಪ್ಪತ್ತಾರು, ಶನಿವಾರ.