ಮೂರು ಕಾಂಟೆಸ್ಸಾಗಳಲ್ಲಿ ಒಂದು

ನಮ್ಮ ನಾಲ್ಕು ತಾಲೂಕುಗಳನ್ನು ಜರಡಿ ಹಿಡಿದರೂ ಮಾರಾಟಕ್ಕೆ ಸಿಕ್ಕ ಕಾಂಟೆಸ್ಸಾ ಕಾರುಗಳು ಮೂರೇ. ಇಂಡಿಯಲ್ಲೊಂದು, ಮುದ್ದೇಬಿಹಾಳದಲ್ಲೊಂದು, ಸಿಂದಗಿಯಲ್ಲೊಂದು. ನಾನಿರುವ ಬಸವನ ಬಾಗೇವಾಡಿಯಲ್ಲಿ ಕಾರಿರಲಿಲ್ಲ, ಉಪದೇಶ ಮಾತ್ರ ಪುಕ್ಕಟೆ ಸಿಗುತ್ತಿತ್ತು. "ಮೇಡಂ, ತಗೊಂಡ್ರ ಪೆಟ್ರೋಲ್ ಮಾಡೆಲ್ ತಗೋರಿ. ಆಗಿನ ಕಾಲದಾಗ ನಮ್ಮ ದೇಶದ ಸ್ಪೋರ್ಟ್ಸ್ ಕಾರ್ ಅಂದ್ರ ಅದ," ಎಂದು ನಮ್ಮ ಹೈಸ್ಕೂಲಿನ ಡ್ರಿಲ್ ಮಾಸ್ತರರೂ ಹೇಳಿದರು. ಅವರು ಜೀವಮಾನದಲ್ಲಿ ಸೈಕಲ್ ಬಿಟ್ಟು ಬೇರೇನೂ ಓಡಿಸಿದವರಲ್ಲ.

ನನಗೆ ಓಟ ಬೇಕಿರಲಿಲ್ಲ. ಎಂಟು ತಿಂಗಳಿಂದ ನನ್ನ ಅಪ್ಪ ನನ್ನನ್ನು ಹೆಸರು ಹಿಡಿದು ಕರೆದಿರಲಿಲ್ಲ. ಒಂದು ಸಲ ಕರೆದರೆ ಸಾಕಿತ್ತು.

ಅಪ್ಪನ ಹೆಸರು ರಾವಸಾಬ. ವಯಸ್ಸು ಎಪ್ಪತ್ತೆರಡು. ಅರವತ್ತಕ್ಕೆ ಅರಳು ಮರಳು ಎಂದು ನಗುವವರು ನಗಲಿ, ಇದು ಆ ತಮಾಷೆಯ ಮರೆವಲ್ಲ. ಮೊದಲು ಕನ್ನಡಕ ಇಟ್ಟ ಜಾಗ ಮರೆತ, ಆಮೇಲೆ ಓಣಿ ಮರೆತ, ಆಮೇಲೆ ನನ್ನನ್ನು ಮರೆತ. ಬೆಳಿಗ್ಗೆ ಚಹಾ ಒಯ್ದರೆ ಎದ್ದು ನಿಂತು, "ತಾವು ಯಾರ ಪೈಕಿರಿ?" ಎಂದು ಕೇಳುತ್ತಾನೆ. "ನಾ ಸುಮಂಗಲಾ, ಅಪ್ಪಾ. ನಿನ್ನ ಸುಮಿ," ಎಂದರೆ ಬಂದವರ ಮನಸ್ಸು ನೋಯಿಸಬಾರದೆಂದು ತಲೆಯಾಡಿಸುತ್ತಾನೆ. ಅವ್ವ ಯಲ್ಲವ್ವನನ್ನು ಮಾತ್ರ ಇನ್ನೂ ಗುರುತಿಸುತ್ತಾನೆ. ಅವ್ವನ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ವಿಜಯಪುರದ ಡಾಕ್ಟರು, ಹಳೆಯ ಕೆಲಸದ ವಸ್ತು ಏನಾದರೂ ಇದ್ದರೆ ಕೈಗೆ ಕೊಟ್ಟು ನೋಡಿ, ಒಮ್ಮೊಮ್ಮೆ ನೆನಪು ಅದರ ಬೆನ್ನು ಹತ್ತಿ ಬರುತ್ತದೆ ಎಂದರು. ಬಡಗಿಯಾಗಿದ್ದರೆ ಉಳಿ ಕೊಡಬಹುದಿತ್ತು. ಅಪ್ಪ ಡ್ರೈವರ್. ಹೂವಿನ ಹಿಪ್ಪರಗಿಯ ಬಸಂತರಾಯ ಧಣಿಯ ಕಾಂಟೆಸ್ಸಾವನ್ನು ಹನ್ನೊಂದು ವರ್ಷ ಓಡಿಸಿದವನು.

ಆ ಕಾರಿನಲ್ಲಿ ನಾನು ಒಮ್ಮೆಯೂ ಕುಳಿತಿಲ್ಲ. ನಾವು ಕೇರಿಯವರು. ಅಪ್ಪನೇ ಅದರಲ್ಲಿ ಕೂಡಬೇಕಾದರೆ ಮನೆಯಿಂದ ಒಯ್ದ ಟವೆಲ್ಲನ್ನು ಸೀಟಿನ ಮೇಲೆ ಹಾಸಬೇಕಿತ್ತು. ಇಳಿಯುವಾಗ ಅದನ್ನು ಝಾಡಿಸಿ ಹೆಗಲಿಗೆ ಹಾಕಿಕೊಳ್ಳಬೇಕಿತ್ತು. ಗಾಡಿ ಓಡಿಸಲು ಅಪ್ಪನ ಕೈ ನಡೆಯುತ್ತಿತ್ತು, ಸೀಟಿಗೆ ಅಪ್ಪನ ಮೈ ತಾಗುವುದು ನಡೆಯುತ್ತಿರಲಿಲ್ಲ. ಧಣಿಯ ಹೆಂಡತಿಯನ್ನು ಅಪ್ಪ 'ಅವ್ವಾರ' ಎನ್ನುತ್ತಿದ್ದ. ಲಚ್ಯಾಣದ ಮಠಕ್ಕೋ ವಿಜಯಪುರದ ಪೇಟೆಗೋ ಹೊರಟಾಗ ಆಕೆ ಹಿಂದಿನ ಸೀಟಿನಲ್ಲಿ ಎಡಕ್ಕೆ ಕುಳಿತು, ಸೆರಗು ಸರಿಮಾಡಿಕೊಂಡು, "ನಡಿಯೋ ರಾವ್ಯಾ" ಎನ್ನುವವರೆಗೆ ಗಾಡಿ ಅಲ್ಲಾಡುತ್ತಿರಲಿಲ್ಲ. ರಾವಸಾಬ ಎಂಬ ಪೂರ್ತಿ ಹೆಸರು ಆ ಮನೆಯ ಬಾಯಿಗೆ ಭಾರವಾಗುತ್ತಿತ್ತು.

ನಾನು ಶಾಲೆ ಬಿಟ್ಟು ನಡೆದು ಬರುವಾಗ ಒಮ್ಮೊಮ್ಮೆ ಹಿಂದಿನಿಂದ ಖಾಲಿ ಕಾರು ಬರುತ್ತಿತ್ತು. ಹತ್ತಿಸಿಕೊಳ್ಳುವಂತಿಲ್ಲ, ಊರು ನೋಡುತ್ತದೆ. ಬಿಟ್ಟು ಹೋಗಲು ಅಪ್ಪನಿಗೆ ಮನಸ್ಸಾಗುತ್ತಿರಲಿಲ್ಲ. ಕಿಟಕಿಯ ಗಾಜು ಇಳಿಸಿ, ಒಂದನೇ ಗೇರಿನಲ್ಲಿ, ನನ್ನ ಮಗ್ಗುಲಿಗೇ ನನ್ನ ನಡಿಗೆಯಷ್ಟೇ ನಿಧಾನಕ್ಕೆ ಕಾರು ನಡೆಸುತ್ತಿದ್ದ. "ಸುಮಿ, ಇವತ್ತ ಏನ್ ಕಲಿಸಿದ್ರ?" ಎಂದು ಕೇಳುತ್ತಿದ್ದ. ನಾನು ಮಗ್ಗಿ ಹೇಳುತ್ತ ನಡೆಯುತ್ತಿದ್ದೆ. ನಾನು ಬಿಸಿಲಲ್ಲಿ, ಅವನು ನೆರಳಲ್ಲಿ, ಇಬ್ಬರೂ ಕೂಡಿಯೇ ಕೇರಿ ಮುಟ್ಟುತ್ತಿದ್ದೆವು. ಈಗ ಸಿಟ್ಟು ಬರುತ್ತದೆ ನಿಜ, ಆಗ ಮಾತ್ರ ಅದರಷ್ಟು ಸುಖದ ದಾರಿ ನನಗೆ ಬೇರೆ ಇರಲಿಲ್ಲ.

ಆ ಕಾರು ಯಾವ ಮಾಡೆಲ್ಲು ಎಂಬುದೇ ತೊಡಕು. ಧಣಿ ಸತ್ತು, ಕಾರು ಗುಜರಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಉಳಿದದ್ದು ಒಂದು ಫೋಟೋ. ಅದರಲ್ಲಿ ಧಣಿಯ ಮಗಳ ಮದುವೆಯ ಮಂದಿ, ಮೂಲೆಯಲ್ಲಿ ಅರ್ಧ ಬಾನೆಟ್ಟು, ಅದನ್ನು ಒರೆಸುತ್ತಿರುವ ಅಪ್ಪನ ಒಂದು ಕೈ. ಕಾಂಟೆಸ್ಸಾದಲ್ಲಿ ಮೊದಲು ಬಂದದ್ದು ನಾಲ್ಕು ಗೇರಿನ ಪೆಟ್ರೋಲು. ಆಮೇಲೆ ಐದು ಗೇರಿನ ಪೆಟ್ರೋಲು ಬಂತು, ಐದು ಗೇರಿನ ಡೀಸೆಲ್ಲೂ ಬಂತು. ಅರ್ಧ ಬಾನೆಟ್ಟು ನೋಡಿ ಯಾವುದೆಂದು ಹೇಳುವ ಜಾಣರು ನಮ್ಮಲ್ಲಿ ಹುಟ್ಟಿಲ್ಲ. ನನಗೋ ಅದೇ ಗಾಡಿ ಬೇಕು. ಬೇರೆ ಗಾಡಿ ತಂದರೆ ಬೇರೆಯವರ ನೆನಪು ಬಂದೀತು ಎಂಬಷ್ಟು ಹಟ ನನ್ನದು.

ಇಂಡಿಗೆ ಅಪ್ಪನನ್ನೂ ಕರೆದುಕೊಂಡು ಹೋದೆವು. ನನ್ನ ಸೋದರಮಾವನ ಮಗ ಪ್ರೇಮಕುಮಾರ ಗ್ಯಾರೇಜ್ ಇಟ್ಟವನು, ಅವನೇ ಜೊತೆ. ಅಲ್ಲಿದ್ದದ್ದು ಬಿಳಿ ಕಾರು, ನಾಲ್ಕು ಗೇರಿನದು, ಮದುಮಗನ ಹಾಗೆ ಒರೆಸಿ ನಿಲ್ಲಿಸಿದ್ದರು. ಅಪ್ಪ ಸ್ಟೇರಿಂಗ್ ಮುಂದೆ ಕುಳಿತ. ಎಡಗೈ ಒಂದು, ಎರಡು, ಮೂರು, ನಾಲ್ಕು ಹಾಕಿತು. ಆಮೇಲೆ ಬಲಕ್ಕೆ ಮೇಲೆ ಐದನೆಯದನ್ನು ಹುಡುಕಿತು. ಇಲ್ಲ. ಮತ್ತೆ ಹುಡುಕಿತು. "ಈ ಗಾಡಿ ಮೋಟ ಐತಿ," ಎಂದು ಇಳಿದುಬಿಟ್ಟ. ನನಗೆ ಕುಣಿಯುವಷ್ಟು ಸಂತೋಷವಾಯಿತು. ತಲೆ ಮರೆತರೂ ಕೈ ಮರೆತಿಲ್ಲ. ಗಣಿತ ಕಲಿಸುವವಳಿಗೆ ಒಂದು ಸುಳಿವು ಸಾಕು, ಉಳಿದ ಲೆಕ್ಕ ನಾನೇ ಬಿಡಿಸುತ್ತೇನೆ ಎಂಬ ಸೊಕ್ಕು.

ಮುದ್ದೇಬಿಹಾಳದ ಕಾರು ಕೆಂಪು. ಐದು ಗೇರಿನ ಪೆಟ್ರೋಲು, ಎಲ್ಲರ ಬಾಯಲ್ಲೂ ನೀರೂರಿಸುವ ಮಾಡೆಲ್ಲು. ಅಪ್ಪ ಒಳಗೆ ಕುಳಿತು ಕೀಲಿಯನ್ನು ಅರ್ಧ ತಿರುವಿ ಸುಮ್ಮನಾದ. ತುಟಿ ಅಲ್ಲಾಡುತ್ತಿತ್ತು. ಹತ್ತರವರೆಗೆ ಎಣಿಸಿದ. ಸ್ಟೇರಿಂಗಿನ ಹಿಂದಿನ ಚಿಕ್ಕ ದೀಪಗಳಲ್ಲಿ ಏನನ್ನೋ ಹುಡುಕಿದ. ಸಿಗಲಿಲ್ಲ. ಕೀಲಿ ಬಿಟ್ಟು, ಈ ಕಡೆ ಸುತ್ತಿ ಬಂದು ಎಡಗಡೆಯ ಸೀಟಿನಲ್ಲಿ ಕುಳಿತ.

"ಯಾರದಿದು ಗಾಡಿ?" ಎಂದು ಕೇಳಿದ.

"ನಿಮ್ಮದ ಮಾಮಾ," ಎಂದ ಪ್ರೇಮಕುಮಾರ, ತಮಾಷೆಗೆ.

"ನಂದ? ಹೌದನು?" ಎಂದು ಅಪ್ಪ ಕಾಲು ಚಾಚಿದ, ಸೀಟಿಗೆ ಬೆನ್ನು ಆನಿಸಿದ, ಕೈ ಅಡ್ಡ ಹಾಕಿ ಹಾರ್ನು ಬಾರಿಸಿದ. ನಕ್ಕ. ಪ್ರೇಮಕುಮಾರ ಊರ ಸುತ್ತ ಒಂದು ಸುತ್ತು ಹಾಕಿಸಿದ. ದಾರಿಯಲ್ಲಿ ಕಂಡವರಿಗೆಲ್ಲ ಅಪ್ಪ ಕೈ ಎತ್ತಿ ಶರಣು ಹೇಳುತ್ತಿದ್ದ. ಆ ಸಂಜೆ ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಪ್ರೇಮಕುಮಾರನಿಂದ ಎಲ್ಲ ಕೇಳಿದ್ದ ಅವ್ವ ಅದನ್ನು ನೋಡಿ ಹೇಳಿದಳು, "ತರೂದಿದ್ರ ಆ ಕೆಂಪು ಗಾಡಿ ತಾ. ಅದರಾಗ ಅವ ಮಾಲಕನಂಗ ಕುಂತಾನ."

"ಅವ್ವಾ, ಅದು ಅಲ್ಲ. ಅದರಾಗ ಕುಂಡ್ರುವಾಗ ಅಪ್ಪ ಟವೆಲ್ ಹಾಸಲಿಲ್ಲ. ಹಳೇದೇನೂ ಅವಗ ನೆನಪ ಆಗಲಿಲ್ಲ," ಎಂದೆ.

"ಆಗಲಿಲ್ಲಂದ್ರ ಚಲೋ ಆತಲ್ಲ?"

"ನನಗ ನೆನಪ ಬೇಕವ್ವಾ."

"ಅತೀ ಶಾಣ್ಯಾಕಿ ಆಗಬ್ಯಾಡ," ಎಂದಳು ಅವ್ವ. "ಆ ಧಣಿ ಗಾಡಿ ನಿಮ್ಮಪ್ಪನ ಅರ್ಧಾ ಆಯುಷ್ಯ ತಿಂತು. ಉಳದದ್ದನ್ನೂ ಕರದು ಕೊಡ್ತೇನಂತಿ?"

ನಾನು ಕೇಳಲಿಲ್ಲ. ಕೀಲಿ ಅರ್ಧ ತಿರುವಿ ಎಣಿಸಿದ್ದು ಯಾಕೆ ಎಂದು ಪ್ರೇಮಕುಮಾರನನ್ನು ಕೇಳಿದೆ. ಅವನು ಹಣೆ ಚಚ್ಚಿಕೊಂಡ. "ಅಯ್ಯ, ಡೀಸೆಲ್ ಅಕ್ಕಾ ಅದು! ಕೀಲಿ ಅರ್ಧಾ ತಿರುವಿದ್ರ ಎಂಜಿನ್ ಬಿಸಿ ಮಾಡೂ ಹೀಟರ್ ದೀಪ ಹತ್ತತೈತಿ. ಅದು ಆರೂತನಾ ಕಾಯಬೇಕು, ಆಮ್ಯಾಲ ಪೂರಾ ತಿರುವಬೇಕು. ಮಾಮಾ ದೀಪ ಹುಡುಕ್ಯಾರ."

ಲೆಕ್ಕ ಬಿಡಿಸಿದಂತಾಯಿತು. ಐದು ಗೇರು, ಡೀಸೆಲ್ಲು. ಸಿಂದಗಿಯದು ಅದೇ. ಬೂದಿ ಬಣ್ಣ ಕಿತ್ತುಹೋಗಿದ್ದ, ಬಾಗಿಲ ಕೆಳಗೆ ತುಕ್ಕು ಹಿಡಿದಿದ್ದ, ಹತ್ತಿ ಗೋದಾಮಿನ ಮೂಲೆಯಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಕಾರು. ಅಪ್ಪನಿಗೆ ಜ್ವರ ಇತ್ತು, ನಾವಿಬ್ಬರೇ ಹೋದೆವು. "ಅಕ್ಕಾ, ಇದಕ್ಕಿಂತ ಆ ಕೆಂಪೀದು ನೂರು ಪಾಲು ಚಲೋ," ಎಂದ ಪ್ರೇಮಕುಮಾರ. ಅವನು ತಂದಿದ್ದ ಬ್ಯಾಟರಿ ಜೋಡಿಸಿದ ಮೇಲೆ ನಾನು ಕೀಲಿ ಅರ್ಧ ತಿರುವಿದೆ. ಚಿಕ್ಕ ಹಳದಿ ದೀಪ ಹತ್ತಿತು. ಹತ್ತು ಎಣಿಸುವಷ್ಟರಲ್ಲಿ ಆರಿತು. ಅದೇ ಹೊತ್ತಿಗೆ ಕಾರು ನನ್ನದಾಗಿತ್ತು.

ಎರಡು ತಿಂಗಳು ಗ್ಯಾರೇಜಿನಲ್ಲಿಟ್ಟು ಪ್ರೇಮಕುಮಾರ ಅದಕ್ಕೆ ಜೀವ ತುಂಬಿದ. ಮೊದಲ ದಿನ ಗಾಲಿಗೆ ನಿಂಬೆಹಣ್ಣು ಇಡೋಣ ಎಂದ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಬಿಟ್ಟು ಬೇರೆ ಪಟವಿಲ್ಲ, ಬೇಡ ಎಂದೆ. ಈಗ ಅನಿಸುತ್ತದೆ, ನಿಂಬೆಹಣ್ಣನ್ನು ನಂಬದ ನಾನು ಹೀಟರ್ ದೀಪವನ್ನು ನಂಬಿದೆ. ಅದೇನು ಕಡಿಮೆ ಮೂಢತನವೇ?

ಒಂದು ರವಿವಾರ ಬೆಳಿಗ್ಗೆ ಹತ್ತಕ್ಕೆ ಕಾರನ್ನು ನಮ್ಮ ಮನೆಯ ಹಿಂದಿನ ಹೊಸ ಲೇಔಟಿನಲ್ಲಿ ನಿಲ್ಲಿಸಿದೆವು. ರಸ್ತೆ ಹಾಕಿದ್ದಾರೆ, ಒಂದೂ ಮನೆ ಎದ್ದಿಲ್ಲ, ಎರಡೂ ತುದಿಗೆ ಕಲ್ಲು ಅಡ್ಡ ಇಟ್ಟಿದ್ದಾರೆ. ಯಾರಿಗೂ ಅಪಾಯವಿಲ್ಲ. ಅಪ್ಪನ ಕೈ ಹಿಡಿದು ಕರೆತಂದೆ.

ಕಾರು ಕಂಡವನೇ ನಿಂತ. ನನ್ನ ಕೈ ಬಿಡಿಸಿಕೊಂಡ. ಚಪ್ಪಲಿ ಕಳಚಿದ. ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಆಮೇಲೆ ಅವ್ವನ ಕಡೆ ತಿರುಗಿ, "ಟವೆಲ್ ಎಲ್ಲೈತಿ?" ಎಂದ.

ಗೆದ್ದೆ ಎಂದುಕೊಂಡೆ. ಅವ್ವ ಮಾತ್ರ ಮುಖ ತಿರುಗಿಸಿಕೊಂಡು ಮನೆಗೆ ಹೋದಳು, ಟವೆಲ್ ತಂದುಕೊಟ್ಟಳು, ನಿಲ್ಲದೆ ಮರಳಿ ಹೋದಳು.

ಅಪ್ಪ ಟವೆಲ್ ಹಾಸಿದ. ಕೂಡಲಿಲ್ಲ. ಹಿಂದೆ ಬಂದು ಎಡಗಡೆಯ ಬಾಗಿಲು ತೆಗೆದು, ಬೆನ್ನು ಬಾಗಿಸಿ ನನ್ನನ್ನು ನೋಡಿದ. "ಬರ್ರಿ ಅವ್ವಾರ."

ನಾನು ಅಲ್ಲೇ ನಿಂತೆ. "ಅಪ್ಪಾ, ನಾ ಸುಮಿ," ಎಂದೆ. ಅವನಿಗೆ ಕೇಳಿಸಲೇ ಇಲ್ಲ, ಅಥವಾ ಕೇಳಿಸಿದ್ದು ಅವನಿಗೆ ಸಂಬಂಧಪಟ್ಟ ಮಾತಾಗಿರಲಿಲ್ಲ. ಬಾಗಿಲು ಹಿಡಿದು ಹಾಗೇ ಬಾಗಿ ನಿಂತಿದ್ದ. ಎಪ್ಪತ್ತೆರಡು ವರ್ಷದ ಬೆನ್ನು ಎಷ್ಟು ಹೊತ್ತು ಬಾಗಿರಬಲ್ಲದು? ಒಳಗೆ ಕುಳಿತೆ. ಪ್ರೇಮಕುಮಾರ ಮುಂದಿನ ಸೀಟಿಗೆ ಹತ್ತಲು ಹೋದ. "ಅವ್ವಾರ ಅದಾರ ಗಾಡ್ಯಾಗ. ನೀ ಯಾವನೋ? ಇಳಿ," ಎಂದು ಅಪ್ಪ ಗದರಿದ. ಆ ದನಿಯಲ್ಲಿ ಹನ್ನೊಂದು ವರ್ಷದ ಡ್ರೈವರಿಕೆಯ ಠೀವಿ ಇತ್ತು. ಪ್ರೇಮಕುಮಾರ ಇಳಿದು ನಿಂತ.

ಕೀಲಿ ಅರ್ಧ ತಿರುಗಿತು. ದೀಪ ಹತ್ತಿತು, ಅಪ್ಪ ಎಣಿಸಿದ, ದೀಪ ಆರಿತು, ಎಂಜಿನ್ ಎದ್ದಿತು. ಗೇರು ಹಾಕಿ, ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಸುಮ್ಮನೆ ಕುಳಿತ.

"ಅಪ್ಪಾ, ನಡಿ," ಎಂದೆ. ಅಲ್ಲಾಡಲಿಲ್ಲ. "ಹೋಗೂಣಪ್ಪಾ." ಇಲ್ಲ. ಕನ್ನಡಿಯಲ್ಲಿ ಅವನ ಕಣ್ಣುಗಳು ಕೆಳಗಿದ್ದವು. ಕಾಯುತ್ತಿದ್ದ. ಅವನು ಯಾವ ಮಾತಿಗೆ ಕಾಯುತ್ತಿದ್ದಾನೆಂದು ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಆ ಮಾತು ಕೇಳಿದಾಗಲೆಲ್ಲ, ದೊಡ್ಡವಳಾದ ಮೇಲೆ ಹಾಗೆ ಅಂದವರ ನಾಲಿಗೆ ಸೀಳುತ್ತೇನೆ ಎಂದುಕೊಂಡವಳು ನಾನು. ಅದಕ್ಕೇ ಓದಿದೆ, ಅದಕ್ಕೇ ಕೆಲಸ ಹಿಡಿದೆ, ಅಪ್ಪನನ್ನು ಕೇರಿಯಿಂದ ಹೊರಗೆ ತಂದೆ.

"ನಡಿಯೋ ರಾವ್ಯಾ," ಎಂದೆ.

ಕಾರು ನಡೆಯಿತು. ಬೆಣ್ಣೆಯ ಹಾಗೆ ನಡೆಸಿದ. ಬಿಕ್ಕುವುದು ಕೇಳಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಸೆರಗು ಸರಿಮಾಡಿಕೊಂಡಂತೆ ಅವನಿಗೆ ಕಂಡಿರಬೇಕು.

ಎರಡು ಸುತ್ತಿನ ನಂತರ ವೇಗ ತಗ್ಗಿಸಿದ. ಗಾಜು ಇಳಿಸಿದ. ಖಾಲಿ ರಸ್ತೆಯ ಮೇಲೆ ಕಣ್ಣು ಆಡಿಸಿದ. "ಅವ್ವಾರ, ಸಿಟ್ಟಾಗಬ್ಯಾಡ್ರಿ. ಒಂದ್ ಮಾತ ಕೇಳ್ಲಿರಿ?" ಎಂದ.

"ಕೇಳು."

"ಐದು ಮಿನಿಟ್ ನಿಂದ್ರಸ್ಲಿರಿ? ಸಾಲಿ ಬಿಡೂ ಹೊತ್ತಾತ್ರಿ. ನನ್ನ ಮಗಳ ಬರ್ತಾಳ್ರಿ ಈ ದಾರಿಗೆ. ಗಾಡ್ಯಾಗ ಹತ್ತಸಂಗಿಲ್ರಿ, ಖರೇನ ಹೇಳ್ತೇನಿ. ಮಗ್ಗಲಿಗೆ ಹಂಗ ಸಾವಕಾಶ ಹೋಗ್ತೇನ್ರಿ ಅಷ್ಟ." ನಾಚಿಕೊಂಡು ಹೇಳಿದ, "ಸುಮಿ ಅಂತ್ರಿ ಹೆಸರು. ಸುಮಂಗಲಾ. ಲೆಕ್ಕದಾಗ ಭಾಳ ಶಾಣ್ಯಾಕಿ ಅದಾಳ್ರಿ."

ಹತ್ತು ತಿಂಗಳು ಮೀರಿ ಕಾದ ಹೆಸರು.

ತೆವಳುತ್ತಿದ್ದ ಕಾರಿನ ಬಾಗಿಲು ತೆಗೆದು ಇಳಿದೆ. ಮುಂದೆ ಓಡಿ, ತಿರುಗಿ, ಅವನ ಕಿಟಕಿಯ ಮಗ್ಗುಲಿಗೆ ನಡೆದು ಬಂದೆ. ಬಿಸಿಲು ತಲೆ ಸುಡುತ್ತಿತ್ತು. "ಅಪ್ಪಾ, ಹದಿನೇಳೊಂದ್ಲಿ ಹದಿನೇಳು, ಹದಿನೇಳೆರಡ್ಲಿ ಮೂವತ್ನಾಕು," ಎಂದು ಮಗ್ಗಿ ಹೇಳಿದೆ. ನಲವತ್ತೊಂದು ವರ್ಷದ ಹೆಂಗಸು, ಖಾಲಿ ಲೇಔಟಿನಲ್ಲಿ. ದೂರದಲ್ಲಿ ಪ್ರೇಮಕುಮಾರ ಮುಖ ಮುಚ್ಚಿಕೊಂಡು ಕಲ್ಲಿನ ಮೇಲೆ ಕುಳಿತುಬಿಟ್ಟ.

ಅಪ್ಪ ಗಾಬರಿಯಾಗಿ ಕಾರು ನಿಲ್ಲಿಸಿ ಇಳಿದ. ಬರಿಗಾಲಲ್ಲಿ ಓಡಿ ಹೋಗಿ ಹಿಂದಿನ ಬಾಗಿಲು ಹಿಡಿದ. "ಅವ್ವಾರ, ಬಿಸಲಾಗ ನೀವ್ಯಾಕ್ರಿ ನಡೀತೀರಿ? ತಪ್ಪಾತ್ರಿ. ಒಳಗ ಕೂಡ್ರಿ. ಬ್ಯಾಡಂದ್ರ ನಿಂದ್ರಸೂದಿಲ್ರಿ, ಹೋಗೂಣ್ರಿ."

ಬಾಗಿಲು ಬಿಟ್ಟು ಕೈ ಮುಗಿದ. ಅವತ್ತು ಮುದ್ದೇಬಿಹಾಳದಲ್ಲಿ ಇದೇ ಕೈ ಕಂಡಕಂಡವರಿಗೆ ಶರಣು ಹೇಳಿತ್ತು. ಕೆಂಪು ಗಾಡಿಯಲ್ಲಿ ಅವನಿಗೆ ಯಾರ ನೆನಪೂ ಇರಲಿಲ್ಲ, ಯಾರ ಭಯವೂ ಇರಲಿಲ್ಲ. ನಾನೇ ಹುಡುಕಿ, ಎಣಿಸಿ, ತಾಳೆ ನೋಡಿ, ಸರಿಯಾದ ಗಾಡಿಯನ್ನೇ ಆರಿಸಿ ತಂದಿದ್ದೆ.

ಒಳಗೆ ಹೋಗಿ ಎಡಕ್ಕೆ ಕುಳಿತೆ. ಅವನು ಟವೆಲ್ ಸರಿಪಡಿಸಿಕೊಂಡು ಕುಳಿತು, ಕಣ್ಣು ಕೆಳಗೆ ಮಾಡಿ ನನ್ನ ಅಪ್ಪಣೆಗೆ ಕಾದ.

"ನಿಂದ್ರಸು ರಾವ್ಯಾ," ಎಂದೆ. "ಆಕಿ ಬರ್ಲಿ."

"ನಿಮ್ಮ ಹೊಟ್ಟಿ ತಣ್ಣಗಿರ್ಲಿ ಅವ್ವಾರ," ಎಂದು ಅವನು ಎಂಜಿನ್ ಆರಿಸಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ ರಸ್ತೆ ನೋಡತೊಡಗಿದ. ಅಪ್ಪ ಮುಂದಿನ ಸೀಟಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ, ಇಬ್ಬರೂ ನನ್ನ ದಾರಿ ಕಾಯುತ್ತ ಕುಳಿತೆವು.