ಭಾನುಪ್ರಿಯಾ ಸರಿ ಹೇಳಿದ್ದಳು

ಇಪ್ಪತ್ತಾರು ವರ್ಷ ಇಂಗ್ಲಿಷ್ ಪಾಠ ಮಾಡಿದ ನಾನು ಒಂದು ಪದವನ್ನು ತಪ್ಪಾಗಿ ತಿಳಿದಿದ್ದೆ. ಪದ ಹಾಳಾಗಿ ಹೋಗಲಿ, ಅದಕ್ಕಾಗಿ ಒಂದು ಹುಡುಗಿಗೆ ಹೊಡೆದಿದ್ದೆ. ಈ ಸಂಜೀವಪ್ಪ ಮೇಷ್ಟ್ರು ಎಂದರೆ ಬೆತ್ತ ಎಂದೇ ಸುತ್ತಲ ಹಳ್ಳಿಗಳಲ್ಲಿ ಮಾತಿತ್ತು. ಅದು ಹೊಗಳಿಕೆ ಎಂದೇ ನಾನು ತಿಳಿದಿದ್ದೆ.

ಎರಡು ಸಾವಿರದ ಇಸವಿ, ಒಂಬತ್ತನೇ ಕ್ಲಾಸು, ನಾಮಪದಗಳ ಪಾಠ. ಬೋರ್ಡಿನ ನಡುವೆ ಗೆರೆ ಎಳೆದು, ಎಣಿಸಲು ಬರುವ ಹೆಸರುಗಳನ್ನು ಎಡಕ್ಕೂ ಬಾರದವನ್ನು ಬಲಕ್ಕೂ ಇಂಗ್ಲಿಷಿನಲ್ಲಿ ಬರೆಯಿರಿ ಎಂದೆ. ಹಸು, ಲೋಟ, ಮರ ಎಡಕ್ಕೆ ಹೋದವು. ಹಾಲು, ಉಪ್ಪು, ಮರಳು ಬಲಕ್ಕೆ. ಭಾನುಪ್ರಿಯಾ ಎದ್ದು ಬಂದು ಫರ್ನಿಚರ್ ಎಂಬ ಪದವನ್ನು ಬಲಕ್ಕೆ ಬರೆದಳು. ಕುರ್ಚಿ, ಬೆಂಚು ಎಣಿಸಲು ಬರುವುದಿಲ್ಲವೇ ಎಂದು ಕೇಳಿದೆ.

"ಅವು ಬರ್ತವೆ ಸಾ, ಈ ಪದ ಬರಲ್ಲ. ನಮ್ಮಣ್ಣನ್ ಗೈಡಲ್ಲೈತೆ."

ಗೈಡು ಎಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕ್ಲಾಸಿನ ಬೆಂಚುಗಳನ್ನು ಜೋರಾಗಿ ಎಣಿಸು ಎಂದೆ. ಒಂದೊಂದು ಅಂಕಿಗೂ ಅಂಗೈಗೆ ಒಂದೊಂದು ಏಟು. ಹನ್ನೆರಡು ಬೆಂಚುಗಳಿದ್ದವು. ಮಕ್ಕಳು ನಕ್ಕರು, ನಾನೂ ನಕ್ಕೆ. ದಸರಾ ರಜೆ ಮುಗಿದ ಮೇಲೆ ಅವಳು ಬರಲಿಲ್ಲ. ಹೆಣ್ಣುಮಕ್ಕಳು ಶಾಲೆ ಬಿಡುವುದು ಮಾಮೂಲು ಎಂದುಕೊಂಡು ಹಾಜರಿಯಿಂದ ಹೆಸರು ಹೊಡೆದುಹಾಕಿದೆ.

ಹತ್ತು ವರ್ಷದ ಮೇಲೆ, ನಮ್ಮ ಕಡೆ ಏರ್‌ಪೋರ್ಟ್ ಶುರುವಾದ ಮೂರನೇ ವರ್ಷ, ದೊಡ್ಡಬಳ್ಳಾಪುರದಲ್ಲಿ ಮೇಷ್ಟ್ರುಗಳಿಗೆ ತರಬೇತಿ ನಡೆಯಿತು. ಪಾಠ ಹೇಳಲು ಬಂದ ಮಾನಸ ನನ್ನ ಮಗಳ ವಯಸ್ಸಿನವಳು. ಫರ್ನಿಚರ್ ಎಣಿಸಲಾಗದ ನಾಮಪದ ಎಂದಳು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ವಾದಕ್ಕೆ ನಿಂತೆ. ಅವಳು ನಿಘಂಟು ತೆರೆದು ನನ್ನ ಮುಂದಿಟ್ಟಳು. ಅಲ್ಲಿ ಅವಳು ಹೇಳಿದ ಹಾಗೇ ಇತ್ತು.

ಮುಂದಿನ ಭಾನುವಾರ ವಿಚಾರಿಸಿಕೊಂಡು, ಕುಂದಾಣದ ಹತ್ತಿರ ಭಾನುಪ್ರಿಯಾ ಮದುವೆಯಾಗಿ ಹೋಗಿದ್ದ ಮನೆಗೆ ಹೋದೆ. ಅತ್ತೆ ಮುನಿಗಂಗಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಸೊಸೆ ಹಿಂದಿನ ಕೋಣೆಯಲ್ಲಿ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ಅಲ್ಲಿಗೇ ಹೋಗಿ, ಫರ್ನಿಚರ್ ವಿಷಯ ನೆನಪಿಸಿ, ತಗ್ಗಿದ ದನಿಯಲ್ಲಿ ಹೇಳಿದೆ.

"ಅವತ್ತು ನೀನು ಹೇಳಿದ್ದೇ ಸರಿ ಕಣಮ್ಮ. ತಪ್ಪು ನಂದು."

ಅವಳ ಕೈ ನಿಂತಿತು. "ನಂಗೆ ತಲೆ ಇಲ್ಲ ಅಂದ್ಕೊಂಡೇ ಹತ್ತು ವರ್ಷ ಕಳ್ದೆ ಸಾ" ಎಂದಳು. ಆಮೇಲೆ ನನ್ನನ್ನೇ ನೋಡಿದಳು. "ಎಲ್ಲಾರ್ ಮುಂದೆ ಹೊಡೆದ್ರಿ. ಈಗ ಹುಳುಗಳ ಮುಂದೆ ಪಿಸುಗುಟ್ಟಿದ್ರೆ ಹೆಂಗೆ? ಬನ್ನಿ, ನಮ್ಮತ್ತೆ ಮುಂದೆ ಹೇಳಿ."

ನಿಜ ಹೇಳಬೇಕೆಂದರೆ, ನಾಚಿಕೆಗಿಂತ ಮೊದಲು ನನಗೆ ಸಿಟ್ಟು ಬಂತು. ಮನೆವರೆಗೆ ಬಂದದ್ದೇ ದೊಡ್ಡದು, ಇವಳಿಗೆ ಇನ್ನೇನು ಬೇಕು ಎನ್ನಿಸಿತು. ಆದರೆ ಅವಳು ಆಗಲೇ ಮುಂದೆ ನಡೆದಿದ್ದಳು. ಹಿಂದೆಯೇ ಹೋದೆ.

"ಮುನಿಗಂಗಮ್ಮನೋರೆ, ನಿಮ್ಮ ಸೊಸೆ ಇಸ್ಕೂಲಲ್ಲಿ ಸರಿಯಾಗೇ ಹೇಳಿದ್ಲು. ನಂಗೇ ಗೊತ್ತಿರ್ಲಿಲ್ಲ. ತಿಳೀದೆ ಹೊಡೆದ್ಬಿಟ್ಟೆ. ಇಂಗ್ಲಿಷು ಇವಳಿಗೆ ಚೆನ್ನಾಗಿ ಹತ್ತುತಿತ್ತು."

ಮುನಿಗಂಗಮ್ಮ ನನ್ನನ್ನು ನೋಡಲೇ ಇಲ್ಲ. ಸೊಸೆಯ ಕಡೆ ತಿರುಗಿದರು.

"ಹಂಗಾರೆ ಅವತ್ತು ಏರ್‌ಪೋರ್ಟ್‌ನೋರು ಕೆಲ್ಸಕ್ಕೆ ಜನ ಬೇಕು, ಇಂಗ್ಲಿಷ್ ನಾವೇ ಕಲಿಸ್ತೀವಿ ಅಂತ ಬಾಗ್ಲಿಗೇ ಬಂದಿದ್ರಲ್ಲೇ. ನನ್ ಕೈಲಾಗಲ್ಲ ಅಂತ ಒಳಗೆ ಹೋಗಿ ಕೂತ್ಕೊಂಡ್ಯಲ್ಲ."

ಭಾನುಪ್ರಿಯಾ ಅತ್ತೆಯ ಪಕ್ಕ ಕೂತು ಒಂದು ಅವರೆಕಾಯಿ ಕೈಗೆತ್ತಿಕೊಂಡಳು.

"ಹೂಂ ಅತ್ತೆ. ಆಗ್ತಿತ್ತು. ನಂಗೆ ಗೊತ್ತಿರ್ಲಿಲ್ಲ."